ತಿಂಗಳಿಗೆ ಉಳಿಯುತ್ತದೆ, ಸಂಜೆಗೆ ಸಾಲುವುದಿಲ್ಲ

ನನ್ನ ಸೋದರಳಿಯ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ಸಪ್ತಾಪುರ ಅಂದರೆ ಗೊತ್ತಲ್ಲ, ಗಲ್ಲಿಗೊಂದು ಕೋಚಿಂಗ್ ಕ್ಲಾಸು, ಎರಡು ಮನೆಗೊಂದು ಪಿ.ಜಿ. ರಾತ್ರಿ ಒಂಬತ್ತಕ್ಕೆ ಅವನಿಗೆ ವಿಡಿಯೋ ಕಾಲ್ ಮಾಡಿದರೆ ಮುಖ ಚೌಕ ಚೌಕವಾಗಿ ಒಡೆದು ಅಲ್ಲೇ ನಿಂತುಬಿಡುತ್ತದೆ. ಎರಡು ನಿಮಿಷದ ಮೇಲೆ ಸಾದಾ ಕಾಲ್ ಬರುತ್ತದೆ. “ಮಾಮಾ, ನೆಟ್ ಖಾಲಿ ಆಗೇತಿ. ಹನ್ನೆರಡಾದ ಮ್ಯಾಲ ಮಾಡ್ತೀನಿ.”

ಹನ್ನೆರಡಕ್ಕೆ ನಾನು ಗೊರಕೆ ಹೊಡೆಯುತ್ತಿರುತ್ತೇನೆ, ಅದು ಬೇರೆ ಮಾತು.

ಹಬ್ಬಕ್ಕೆ ಮನೆಗೆ ಬಂದಿದ್ದಾಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವನದು ದಿನಕ್ಕೆ 1.5 ಜಿಬಿ, 28 ದಿನದ ಪ್ಯಾಕ್. ಒಟ್ಟು 42 ಜಿಬಿ. ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅವನು ಖರ್ಚು ಮಾಡಿದ್ದು ಮೂವತ್ತರ ಆಸುಪಾಸು. ಅಂದರೆ ಹತ್ತು-ಹನ್ನೆರಡು ಜಿಬಿ ಮುಟ್ಟದೇ ಹೋಗಿದೆ. ಆದರೂ ವಾರಕ್ಕೆ ಎರಡು-ಮೂರು ರಾತ್ರಿ ಹುಡುಗನ ಹತ್ತಿರ ನೆಟ್ ಇಲ್ಲ. ಮನೆಯಲ್ಲಿ ಜೋಳದ ಚೀಲ ಇದೆ, ರಾತ್ರಿ ಊಟಕ್ಕೆ ಮಾತ್ರ ರೊಟ್ಟಿ ಇಲ್ಲ ಅಂದ ಹಾಗಾಯಿತು.

ಇದು ಅವನೊಬ್ಬನ ಕಥೆಯಲ್ಲ. ಮೊಬೈಲ್ ಡೇಟಾ ಬಳಕೆಯ ಬಗ್ಗೆ ನೋಕಿಯಾ ಕಂಪನಿ ವರ್ಷ ವರ್ಷ ಒಂದು ವರದಿ ತರುತ್ತದೆ. ಅದರ ಪ್ರಕಾರ 2024ರಲ್ಲಿ ಭಾರತದ ಒಬ್ಬ ಬಳಕೆದಾರ ತಿಂಗಳಿಗೆ ಸರಾಸರಿ 27.5 ಜಿಬಿ ಬಳಸಿದ್ದಾನೆ. ರೀಲ್ಸ್ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಳ್ಳುವ 5ಜಿ ಮಂದಿಯನ್ನೂ ಸೇರಿಸಿ ಈ ಲೆಕ್ಕ. 42 ಜಿಬಿಯ ಪ್ಯಾಕ್ ಮುಂದೆ 27.5 ದೊಡ್ಡದೇನಲ್ಲ. ಹಾಗಾದರೆ “ಡೇಟಾ ಸಾಲಂಗಿಲ್ಲ” ಅಂತ ಚಹಾದಂಗಡಿಯಲ್ಲಿ, ಹಾಸ್ಟೆಲ್‌ನಲ್ಲಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎಲ್ಲರೂ ಯಾಕೆ ಗೊಣಗುತ್ತಾರೆ? ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ತಿಂಗಳಿಗೆ ಸಾಲುವ ಡೇಟಾವನ್ನು ದಿನದ ಲೆಕ್ಕಕ್ಕೆ ತುಂಡು ಮಾಡಿರುವುದರಲ್ಲೇ ಗಂಟು ಇದೆ.

ಈ ತುಂಡು ಎಲ್ಲಿಂದ ಬಂತು?

2016ಕ್ಕಿಂತ ಮೊದಲು ನಮ್ಮಲ್ಲಿ ದಿನದ ಮಿತಿ ಅನ್ನುವುದೇ ಅಷ್ಟಾಗಿ ಇರಲಿಲ್ಲ. ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡರೆ ಅದೇ ದೊಡ್ಡದು, ಅದಕ್ಕೇ ಇನ್ನೂರು ಚಿಲ್ಲರೆ ರೂಪಾಯಿ. ಹಾಡು, ವಿಡಿಯೋ ಬೇಕಂದರೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಟ್ಟು ತುಂಬಿಸಿಕೊಂಡು ಬರುತ್ತಿದ್ದೆವು. ಹತ್ತೋ ಇಪ್ಪತ್ತೋ ರೂಪಾಯಿಗೆ ಜಾನಪದ ಹಾಡು, ಭಜನಾ ಪದ, ಒಂದೆರಡು ಸಿನಿಮಾ. ಒಮ್ಮೆ ತುಂಬಿಸಿದರೆ ಮುಗಿಯಿತು, ಯಾವಾಗ ಬೇಕಾದರೂ ಕೇಳು. ಹೊಲದಲ್ಲಿ ಕೇಳು, ಗದಗ ಬಸ್ಸಿನಲ್ಲಿ ಕೇಳು.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಆ ವರ್ಷದ ಕೊನೆಯವರೆಗೆ ದಿನಕ್ಕೆ 4 ಜಿಬಿ ಪುಕ್ಕಟೆ. 2017ರ ಜನವರಿಯಿಂದ ದಿನಕ್ಕೆ 1 ಜಿಬಿ, ಅದೂ ಪುಕ್ಕಟೆ. ಆಮೇಲೆ ದುಡ್ಡಿನ ಪ್ಯಾಕ್ ಬಂದಾಗಲೂ ಅದೇ ಅಚ್ಚು ಉಳಿಯಿತು: 303 ರೂಪಾಯಿಗೆ 28 ದಿನ, ದಿನಕ್ಕೆ 1 ಜಿಬಿ. ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ತಿಂಗಳಿಗೆ ಒಂದು ಜಿಬಿಯಲ್ಲಿ ಬದುಕಿದವರಿಗೆ ದಿನಕ್ಕೊಂದು ಜಿಬಿ ಅಂದರೆ ಕಟ್ಟಿಲ್ಲದ ಸಮುದ್ರ. ಅದಕ್ಕೊಂದು ದಂಡೆ ಇದೆ ಅನ್ನುವುದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ನನಗೂ ಬೀಳಲಿಲ್ಲ. ಅವತ್ತು ದಂಡೆ ಮುಟ್ಟುವಷ್ಟು ಬಳಸುವುದೇ ಕಷ್ಟವಾಗಿತ್ತು.

ಈಗ ವಿಡಿಯೋ ದಪ್ಪವಾಗಿದೆ. ಯೂಟ್ಯೂಬ್‌ನಲ್ಲಿ 480ರ ಗುಣಮಟ್ಟದಲ್ಲಿ ಒಂದು ತಾಸು ನೋಡಿದರೆ ಸುಮಾರು ಅರ್ಧ ಜಿಬಿ ಹೋಗುತ್ತದೆ. 720ರಲ್ಲಿ ಒಂದು ಜಿಬಿ ದಾಟುತ್ತದೆ. 1080 ಅಂದರೆ ಒಂದು ತಾಸಿಗೇ ದಿನದ 1.5 ಜಿಬಿ ಕೈ ಬಿಡಬಹುದು. ಅದರ ಮೇಲೆ ನೀವು ಕೇಳದೇ ಬರುವ ಜಾಹೀರಾತಿನ ವಿಡಿಯೋ ಕೂಡ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಪಾನ್ ಮಸಾಲಾ ಜಾಹೀರಾತು ನೋಡುವುದಕ್ಕೂ ನಾವೇ ದುಡ್ಡು ಕೊಡಬೇಕು. ಇದು ನನಗೆ ಇವತ್ತಿಗೂ ಅರಗದ ಸಂಗತಿ.

ಮಿತಿ ಮುಗಿದ ಮೇಲೆ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು. ನೆಟ್ ಪೂರ್ತಿ ಕಟ್ ಆಗುವುದಿಲ್ಲ. ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಬಿಎಸ್‌ಎನ್‌ಎಲ್‌ನ ಹೆಚ್ಚಿನ ಪ್ಯಾಕ್‌ಗಳಲ್ಲಿ 40ಕ್ಕೆ. ಈ 64 ಅನ್ನುವುದು ಕಿಲೋಬಿಟ್, ಕಿಲೋಬೈಟ್ ಅಲ್ಲ. ಎಂಟರಿಂದ ಭಾಗಿಸಬೇಕು. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಒಂದು ಎಂಬಿ ಬರಲು ಎರಡು ನಿಮಿಷ ಬೇಕು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ 10 ಎಂಬಿಯ ಮದುವೆ ವಿಡಿಯೋ ಇಳಿಯಲು ಇಪ್ಪತ್ತು ನಿಮಿಷದ ಮೇಲಾಗುತ್ತದೆ. ಬರೀ ಅಕ್ಷರದ ಮೆಸೇಜ್ ಹೋಗುತ್ತದೆ, ಬರುತ್ತದೆ. ಯೂಟ್ಯೂಬ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ 144 ಕೂಡ ಸರಾಗವಾಗಿ ಓಡುವುದಿಲ್ಲ, ಚಕ್ರ ಸುತ್ತುತ್ತಲೇ ಇರುತ್ತದೆ. “ಅನ್‌ಲಿಮಿಟೆಡ್” ಅಂತ ಬೋರ್ಡಿನಲ್ಲಿ ಬರೆಯುವುದಕ್ಕೆ ಈ 64 ಸಾಕು. ನೋಡುವುದಕ್ಕೆ ಸಾಲದು.

ಸಂತೋಷಕ್ಕೆ ದಿನದ ಪಡಿ ಹೊಂದುವುದಿಲ್ಲ

ನನ್ನ ಮಟ್ಟಿಗೆ ಈ ವಿಷಯದ ಜೀವಾಳ ಇಲ್ಲಿದೆ. ನಾವು ಫೋನಿನಲ್ಲಿ ಖುಷಿ ಪಡುವುದು ದಿನಾ ಒಂದೇ ಅಳತೆಯಲ್ಲಿ ಅಲ್ಲ. ಸೋಮವಾರ ಅರ್ಧ ತಾಸು, ಮಂಗಳವಾರ ಏನೂ ಇಲ್ಲ, ಭಾನುವಾರ ಮೂರು ತಾಸು. ಒಂದು ದಿನ ಸಿನಿಮಾ, ಒಂದು ದಿನ ಬರೀ ಫೋನು ಮಾತು. ಇನ್ನೊಂದು ದಿನ ಮ್ಯಾಚು.

2025ರ ಜೂನ್ 3ರ ಸಂಜೆಯನ್ನೇ ತೆಗೆದುಕೊಳ್ಳಿ. ಅಹಮದಾಬಾದ್‌ನಲ್ಲಿ ಐಪಿಎಲ್ ಫೈನಲ್, ಆರ್‌ಸಿಬಿ ಮತ್ತು ಪಂಜಾಬ್. ಹದಿನೆಂಟು ವರ್ಷ ಕಾದ ಕಪ್ಪು. ಹುಬ್ಬಳ್ಳಿಯಲ್ಲಿ ಅವತ್ತು ರಸ್ತೆ ಖಾಲಿ. ಟಿವಿ ಇದ್ದವರು ಟಿವಿ ಮುಂದೆ. ರೂಮಿನಲ್ಲಿರುವ ಹುಡುಗರಿಗೆ, ಅಂಗಡಿ ಕಾಯುವವರಿಗೆ, ರಾತ್ರಿ ಪಾಳಿಯವರಿಗೆ ಫೋನೇ ಟಿವಿ. ಏಳೂವರೆಗೆ ಶುರುವಾದ ಆಟ ಹೆಚ್ಚು ಕಡಿಮೆ ನಾಲ್ಕು ತಾಸು ನಡೆಯಿತು. ಚೆನ್ನಾಗಿ ಕಾಣುವ ಗುಣಮಟ್ಟದಲ್ಲಿ ನೋಡಿದರೆ ನಾಲ್ಕು ಜಿಬಿ ಬೇಕು. ಮಸುಕು ಮಸುಕಾಗಿ ನೋಡಿದರೂ ಎರಡು ಬೇಕು. ಕೈಯಲ್ಲಿರುವುದು ಒಂದೂವರೆ, ಅದರಲ್ಲೂ ಬೆಳಗಿನ ರೀಲ್ಸ್‌ಗೆ ಅರ್ಧ ಹೋಗಿದೆ. ನನ್ನ ಅಳಿಯ ಹೇಳುವ ಪ್ರಕಾರ ಅವರ ರೂಮಿನಲ್ಲಿ ಮೂರು ಫೋನು ಸರದಿಯ ಮೇಲೆ ಮುಗಿದವು. ಕೊನೆಯ ಓವರ್ ಅವರು ನೋಡಲಿಲ್ಲ, ಪಕ್ಕದ ಪಿ.ಜಿ.ಯ ಕೂಗಾಟದಿಂದ ತಿಳಿದುಕೊಂಡರು. ಆರು ರನ್‌ನಿಂದ ಗೆದ್ದ ಆಟದ ಕೊನೆಯ ಓವರ್ರು!

ಆಟ ಹನ್ನೆರಡಕ್ಕೆ ಮೊದಲೇ ಮುಗಿಯಿತು. ಹೊಸ ಡೇಟಾ ಆಮೇಲೆ ಬಂತು. ತಿಂಗಳಿಗೆ ಒಟ್ಟಾಗಿ 42 ಜಿಬಿ ಕೊಟ್ಟಿದ್ದರೆ ಇಂಥ ಹತ್ತು ಮ್ಯಾಚ್ ನೋಡಬಹುದಿತ್ತು. ದಿನಕ್ಕೆ ಒಂದೂವರೆಯಂತೆ ಕೊಟ್ಟರೆ ಒಂದೂ ಪೂರ್ತಿ ಆಗುವುದಿಲ್ಲ. ಡೇಟಾ ಅಷ್ಟೇ, ದುಡ್ಡೂ ಅಷ್ಟೇ.

ನಮ್ಮೂರಿನವರಿಗೆ ಇದನ್ನು ನೀರಿನ ಹೋಲಿಕೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಓಣಿಗಳಿಗೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಬಂದ ದಿನ ಹಂಡೆ, ಕೊಡ, ಡ್ರಮ್ಮು, ಬಕೆಟ್, ಕೊನೆಗೆ ಅಡುಗೆ ಪಾತ್ರೆ ಕೂಡ ತುಂಬಿಸುತ್ತೇವೆ. ಹೊಸ ನೀರು ಬಂದಾಗ ಉಳಿದ ಹಳೇ ನೀರು ಅಂಗಳಕ್ಕೆ ಚೆಲ್ಲುತ್ತೇವೆ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಅವಳಿನಗರದ ಕೆಲವು ಕಡೆ 24 ತಾಸು ನೀರು ಶುರುವಾಯಿತು. ಅಂಥ ಕಡೆ ಇರುವ ನಮ್ಮ ಸಂಬಂಧಿಕರ ಮನೆಗೆ ಹೋದರೆ ಡ್ರಮ್ಮೇ ಕಾಣುವುದಿಲ್ಲ. ನೀರಿನ ಬಗ್ಗೆ ಮಾತೇ ಇಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ನೀರಿನ ಮಾತು ಬರುತ್ತದೆ.

ಡೇಟಾದಲ್ಲಿ ಇದಕ್ಕಿಂತ ಕಷ್ಟ. ಡೇಟಾ ದಿನಾ ಬರುತ್ತದೆ ಹೌದು, ಆದರೆ ತುಂಬಿಸಿಡಲು ಹಂಡೆ ಇಲ್ಲ. ಹನ್ನೆರಡು ಹೊಡೆದ ಕೂಡಲೇ ಉಳಿದದ್ದು ಮಾಯ. ಹಾಗಾಗಿ ಜನ ಎರಡು ವಿಚಿತ್ರ ಚಟ ಕಲಿತಿದ್ದಾರೆ. ಹಗಲು ಜಿಪುಣತನ, ರಾತ್ರಿ ದುಂದು. ಸಂಜೆ ಏಳಕ್ಕೆ “ಶೇಕಡಾ 90 ಡೇಟಾ ಮುಗಿದಿದೆ” ಅಂತ ಮೆಸೇಜ್ ಬಂದರೆ ಫೋನು ಮಡಚಿ ಇಡುತ್ತಾರೆ. ಮೆಸೇಜ್ ಬರದಿದ್ದರೆ ಹನ್ನೊಂದೂವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡು, ಸುಮ್ನೆ ಹೋಗ್ತದಲ್ಲ ಅಂತ, ನೋಡಬೇಕು ಅನಿಸದಿದ್ದರೂ ರೀಲ್ಸ್ ತಳ್ಳುತ್ತಾರೆ. ಮೊದಲನೆಯದರಲ್ಲಿ ಖುಷಿ ಇಲ್ಲ. ಎರಡನೆಯದರಲ್ಲೂ ಇಲ್ಲ, ನಿದ್ದೆಯೂ ಇಲ್ಲ.

ಅರ್ಥಶಾಸ್ತ್ರದವರು ‘ಟ್ಯಾಕ್ಸಿ ಮೀಟರ್ ಪರಿಣಾಮ’ ಅಂತ ಒಂದು ಮಾತು ಬಳಸುತ್ತಾರೆ. ಮೀಟರ್ ಓಡುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೆ ಪ್ರಯಾಣದ ಸುಖ ಕಡಿಮೆಯಾಗುತ್ತದೆ. ಅದಕ್ಕೇ ಜನ ನಾಲ್ಕು ದುಡ್ಡು ಜಾಸ್ತಿ ಆದರೂ ಒಂದೇ ಕಟ್ಟಾದ ದರ ಇಷ್ಟಪಡುತ್ತಾರೆ. ಹುಬ್ಬಳ್ಳಿ ಆಟೋದಲ್ಲಿ ಮೀಟರ್ ಓಡುವುದನ್ನು ನಾನು ಕಂಡಿದ್ದು ಅಪರೂಪ. ಜಗಳ ಏನಿದ್ದರೂ ಹತ್ತುವ ಮೊದಲೇ ಮುಗಿದಿರುತ್ತದೆ, ಕೂತ ಮೇಲೆ ಆರಾಮ. ನಮ್ಮ ಡೇಟಾ ಪ್ಯಾಕ್ ಮಾತ್ರ ಎರಡೂ ಕಡೆಯ ಕಷ್ಟ ತಂದಿದೆ. ಕಟ್ಟು ದರವನ್ನೂ ಮುಂಗಡ ಕೊಟ್ಟಿರುತ್ತೇವೆ, ಮೀಟರೂ ಓಡುತ್ತಿರುತ್ತದೆ.

“ಒಳ್ಳೇದೇ ಆತಲ್ಲ, ಅಷ್ಟಾದ್ರೂ ಫೋನು ಬಿಡ್ತಾರ” ಅನ್ನುವವರು ಮನೆಗೊಬ್ಬರು ಇದ್ದಾರೆ. ನಮ್ಮ ಅಕ್ಕನೂ ಅದೇ ಅನ್ನುತ್ತಾಳೆ. ನೋಡಿದರೆ ಆಗುವುದು ಉಲ್ಟಾ. ಬೆಳಿಗ್ಗೆ ಎದ್ದ ಕೂಡಲೇ ಕೈ ಹೋಗುವುದು ರೀಲ್ಸ್‌ಗೆ. ಒಂದು ನೋಡುವಷ್ಟರಲ್ಲಿ ಮುಂದಿನದನ್ನು ಆ್ಯಪ್ ತಾನೇ ಇಳಿಸಿಕೊಂಡು ಕೂತಿರುತ್ತದೆ. ರಾತ್ರಿ ಎಂಟಕ್ಕೆ ಇತಿಹಾಸದ ಕ್ಲಾಸ್ ಲೈವ್ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ಮಿತಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಮೊದಲು ಬಂದವರಿಗೆ ಮೊದಲು. ಮೊದಲು ಬರುವುದು ಯಾವಾಗಲೂ ಹಗುರವಾದದ್ದು.

ಬಿಡಿಸಿಕೊಳ್ಳಲು ಎಷ್ಟು ದುಡ್ಡು?

ದಿನದ ಮಿತಿ ಇಲ್ಲದ ಪ್ಯಾಕ್ ಇಲ್ಲವೇ ಇಲ್ಲ ಅಂತಲ್ಲ. ಇದೆ. 2024ರ ಜುಲೈನಲ್ಲಿ ಮೂರೂ ದೊಡ್ಡ ಕಂಪನಿಗಳು ದರ ಏರಿಸಿದವು. ಆಗ ಜಿಯೋದ 28 ದಿನದ 1.5 ಜಿಬಿ ಪ್ಯಾಕ್ 239ರಿಂದ 299 ರೂಪಾಯಿ ಆಯಿತು. ಏರಿಕೆಯ ಮೇಲೆ ಅದೇ ಕಂಪನಿಯ 355 ರೂಪಾಯಿಯ ಪ್ಯಾಕ್‌ನಲ್ಲಿ 30 ದಿನಕ್ಕೆ ಒಟ್ಟು 25 ಜಿಬಿ, ದಿನದ ಮಿತಿ ಇಲ್ಲ. ಈಗ ಭಾಗಿಸಿ ನೋಡಿ. ಮೊದಲನೆಯದರಲ್ಲಿ ಜಿಬಿಗೆ ಏಳು ರೂಪಾಯಿ ಚಿಲ್ಲರೆ. ಎರಡನೆಯದರಲ್ಲಿ ಹದಿನಾಲ್ಕು ಚಿಲ್ಲರೆ. ಬರೋಬ್ಬರಿ ಎರಡು ಪಟ್ಟು. ಬೇಕಾದಾಗ ಬಳಸುವ ಸ್ವಾತಂತ್ರ್ಯದ ಬೆಲೆ ಅದು.

ಕಂಪನಿ ದಡ್ಡ ಅಲ್ಲ. 42 ಕೊಟ್ಟರೂ ಬಹಳ ಜನ 42 ಬಳಸುವುದಿಲ್ಲ ಅಂತ ಅದಕ್ಕೆ ಗೊತ್ತು. ನೀವು 25ನ್ನೇ ಬಳಸಿದರೆ 299ರ ಪ್ಯಾಕ್ ನಿಮಗೆ ಜಿಬಿಗೆ ಹನ್ನೆರಡು ರೂಪಾಯಿ ಬಿದ್ದಂತೆ. ಅಗ್ಗ ಅಂತ ಕೊಂಡದ್ದು ಅಷ್ಟೇನೂ ಅಗ್ಗವಲ್ಲ.

ಸಂಜೆ ಸಿಕ್ಕಿಹಾಕಿಕೊಂಡವರಿಗೆ ಇನ್ನೊಂದು ದಾರಿ ಟಾಪ್-ಅಪ್. ಆ ಏರಿಕೆಯಲ್ಲಿ ಜಿಯೋದ 1 ಜಿಬಿ 15ರಿಂದ 19 ರೂಪಾಯಿಗೆ, ಏರ್‌ಟೆಲ್‌ನದು 19ರಿಂದ 22ಕ್ಕೆ ಹೋಯಿತು. ಪ್ಯಾಕ್ ಒಳಗೆ ಏಳು ರೂಪಾಯಿಗೆ ಸಿಗುವ ಜಿಬಿಯೇ ಇದು. ನಿನ್ನೆ ರಾತ್ರಿ ನಿಮ್ಮದೇ ಅರ್ಧ ಜಿಬಿ ಹೋಯಿತಲ್ಲ, ಅದು ಇವತ್ತು ಸಂಜೆ ಇನ್ನಷ್ಟು ದುಬಾರಿಯಾಗಿ ನಿಮಗೇ ಮಾರಾಟಕ್ಕೆ ಬರುತ್ತದೆ.

ಕಂಪನಿಗಳ ಪರವಾಗಿ ಒಂದು ಮಾತು ಹೇಳಬೇಕು. ಒಂದು ಟವರ್‌ಗೆ ಇರುವ ತಾಕತ್ತನ್ನು ಅದರ ಕೆಳಗಿರುವ ಎಲ್ಲ ಫೋನುಗಳು ಹಂಚಿಕೊಳ್ಳುತ್ತವೆ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಎಲ್ಲರಿಗೂ ನಿಧಾನ. ಮಿತಿ ಇದ್ದರೆ ಅಷ್ಟೊತ್ತಿಗೆ ಒಂದಿಷ್ಟು ಜನ ಹೊರಗೆ ಬಿದ್ದಿರುತ್ತಾರೆ, ಉಳಿದವರಿಗೆ ಸರಾಗ. ವಾದ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಉಳಿದ ಡೇಟಾವನ್ನು ಮಧ್ಯರಾತ್ರಿ ಕೊಲ್ಲಬೇಕಾಗಿಲ್ಲ. ವಿಐ ಕಂಪನಿ ಕೆಲವು ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಉಳಿದದ್ದನ್ನು ಶನಿವಾರ, ಭಾನುವಾರಕ್ಕೆ ಬಿಟ್ಟುಕೊಟ್ಟಿದೆ. ಟವರ್ ಖಾಲಿ ಇರುವ ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಲೆಕ್ಕವಿಲ್ಲದ ಡೇಟಾವನ್ನೂ ಕೊಟ್ಟಿದೆ. ಅಂದರೆ ಮಾಡಲು ಬರುತ್ತದೆ. ಪೋಸ್ಟ್‌ಪೇಯ್ಡ್‌ನವರಿಗಂತೂ ತಿಂಗಳ ಲೆಕ್ಕವೇ. ಎಷ್ಟೋ ಪ್ಯಾಕ್‌ಗಳಲ್ಲಿ ಉಳಿದದ್ದು ಮುಂದಿನ ತಿಂಗಳಿಗೂ ಹೋಗುತ್ತದೆ. ಆದರೆ ನಮ್ಮ ದೇಶದ ಸುಮಾರು ಹತ್ತರಲ್ಲಿ ಒಂಬತ್ತು ಮೊಬೈಲು ಪ್ರೀಪೇಯ್ಡ್. ಮೊದಲು ಕರೆನ್ಸಿ ಹಾಕಿಸಿ ಆಮೇಲೆ ಬಳಸುವವರಿಗೆ ದಿನದ ಪಡಿ, ಬಳಸಿ ಆಮೇಲೆ ದುಡ್ಡು ಕೊಡುವವರಿಗೆ ತಿಂಗಳ ಪಡಿ. ಮುಂಗಡ ಕೊಟ್ಟವನ ಮೇಲೇ ಅನುಮಾನ!

5ಜಿ ಬಂದು ಈ ಗೋಳು ಮುಗಿಯಿತು ಅನ್ನುವವರಿದ್ದಾರೆ. ಕೆಲವರಿಗೆ ಮುಗಿದಿದೆ, ನಿಜ. 5ಜಿ ಫೋನ್ ಇದ್ದು, 5ಜಿ ಸಿಗ್ನಲ್ ಇದ್ದು, ದಿನಕ್ಕೆ 2 ಜಿಬಿ ಅಥವಾ ಮೇಲಿನ ಪ್ಯಾಕ್ ಇದ್ದರೆ ಜಿಯೋದಲ್ಲಿ 5ಜಿ ಡೇಟಾಕ್ಕೆ ದಿನದ ಲೆಕ್ಕವಿಲ್ಲ. 2024ರ ಜುಲೈನಿಂದ 1.5 ಜಿಬಿಯವರು ಆ ಸಾಲಿನಿಂದ ಹೊರಗೆ. ಸಿಗ್ನಲ್ 4ಜಿಗೆ ಇಳಿದ ಗಳಿಗೆಯಿಂದ ಮತ್ತೆ ಲೆಕ್ಕ ಶುರು. ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ನಾನು ಅನ್‌ಲಿಮಿಟೆಡ್ ಇದೆ ಅಂತ ಧೈರ್ಯವಾಗಿ ಹೈ ಕ್ವಾಲಿಟಿಯಲ್ಲಿ ನಾಟಕ ನೋಡುತ್ತಾ ಕೂತೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಮೆಸೇಜ್ ಬಂತು. ದಾರಿಯುದ್ದ ಫೋನು ಯಾವಾಗ 4ಜಿಗೆ ಇಳಿದಿತ್ತೋ, ನಾನು ನೋಡಿದ್ದು ನಾಟಕವನ್ನು, ಮೂಲೆಯ ಆ ಸಣ್ಣ ಅಕ್ಷರವನ್ನಲ್ಲ.

ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ದರ ನಿಗದಿ ಮಾಡುವುದಿಲ್ಲ. ದರವನ್ನು ಕಂಪನಿಗಳಿಗೇ ಬಿಟ್ಟಿದೆ. ಆದರೆ ಪ್ಯಾಕ್ ಹೇಗಿರಬೇಕು ಅನ್ನುವುದಕ್ಕೆ ಆಗಾಗ ಕೈ ಹಾಕಿದೆ. 28 ದಿನದ ಪ್ಯಾಕ್‌ನಿಂದ ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ ರಿಚಾರ್ಜ್ ಆಗುತ್ತದೆ ಅಂತ ದೂರು ಬಂದಾಗ, 30 ದಿನದ ಪ್ಯಾಕ್ ಒಂದಾದರೂ ಇಡಿ ಅಂತ 2022ರಲ್ಲಿ ಹೇಳಿತು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ಪ್ರೀಪೇಯ್ಡ್‌ನಲ್ಲಿ ಉಳಿದ ಡೇಟಾ ಪ್ಯಾಕ್ ಮುಗಿಯುವವರೆಗಾದರೂ ಉಳಿಯಲಿ ಅನ್ನುವುದು ಇವೆರಡಕ್ಕಿಂತ ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ಸಣ್ಣಪುಟ್ಟ ಉಪಾಯಗಳಿವೆ. ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಗುಡ್ ಮಾರ್ನಿಂಗ್ ಗುಲಾಬಿಗಳಿಗೆ ದಿನಾ ಹೋಗುವ ಡೇಟಾ ಉಳಿಯುತ್ತದೆ. ಯೂಟ್ಯೂಬ್‌ನಲ್ಲಿ ಗುಣಮಟ್ಟವನ್ನು ನೀವೇ 480ಕ್ಕೆ ಇಳಿಸಿ, ಸಣ್ಣ ಪರದೆಯಲ್ಲಿ ಫರಕು ಕಡಿಮೆ. ಎಲ್ಲಕ್ಕಿಂತ ಒಳ್ಳೆಯದು ಡೌನ್‌ಲೋಡ್. ನನ್ನ ಅಳಿಯ ಈಗ ಮಲಗುವ ಮೊದಲು, ಉಳಿದ ಡೇಟಾದಲ್ಲಿ ನಾಳೆಯ ಎರಡು ಕ್ಲಾಸ್ ಇಳಿಸಿಟ್ಟುಕೊಳ್ಳುತ್ತಾನೆ. ಹಳೇ ಮೆಮೊರಿ ಕಾರ್ಡಿನ ಕಾಲ ಹಿಂದಿನ ಬಾಗಿಲಿನಿಂದ ವಾಪಸ್ ಬಂದಿದೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ರೈಲ್‌ವೈರ್ ವೈಫೈ ದಿನಕ್ಕೆ ಅರ್ಧ ತಾಸು ಪುಕ್ಕಟೆ. ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಹೆಸರಾದ ಆ 1507 ಮೀಟರ್ ಪ್ಲಾಟ್‌ಫಾರ್ಮಿನ ಒಂದು ಬೆಂಚಿನ ಮೇಲೆ ಕೂತು ಫೋನು ತುಂಬಿಸಿಕೊಳ್ಳುವ ಹುಡುಗರಿಗೆ ರೈಲಿನ ಗೊಡವೆಯೇ ಇರುವುದಿಲ್ಲ. ಲೈವ್ ಮ್ಯಾಚ್‌ಗೆ, ವಿಡಿಯೋ ಕಾಲ್‌ಗೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅವು ಆಗುವಾಗಲೇ ನೋಡಬೇಕು.

ನಮ್ಮ ಭಾವ, ಅಂದರೆ ಈ ಹುಡುಗನ ಅಪ್ಪ, ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟು. ಆ ಎರಡು ದಿನ ಅವರ ಫೋನು ಬಿಸಿ ಆಗಿರುತ್ತದೆ. ಯಾರ ಮಾಲು ಎಷ್ಟಕ್ಕೆ ಹೋಯಿತು, ಯಾರ ರಾಶಿ ಹೇಗಿದೆ ಅಂತ ವಿಡಿಯೋ ಮೇಲೆ ವಿಡಿಯೋ. ಮಾಲು ಮಾರಿದ ಖುಷಿಗೆ ರಾತ್ರಿ ಮಗನ ಮುಖ ನೋಡಬೇಕು. ಉಳಿದ ಐದು ದಿನ ಫೋನು ಹೊಲದ ಬೇಲಿಗೆ ನೇತು ಹಾಕಿದ ಅಂಗಿಯ ಜೇಬಿನಲ್ಲಿ. ಅವರ ಒಂದೂವರೆ ಜಿಬಿ ಅಲ್ಲೇ ದಿನಾ ಸಾಯುತ್ತದೆ. ಅದೇ ಹೊತ್ತಿಗೆ ಸಪ್ತಾಪುರದಲ್ಲಿ ಮಗ ನೆಟ್ ಇಲ್ಲ ಅಂತ ಕೂತಿರುತ್ತಾನೆ. ಅಪ್ಪನ ಹಾಟ್‌ಸ್ಪಾಟ್ ಬ್ಯಾಡಗಿಯಿಂದ ಧಾರವಾಡಕ್ಕೆ ಮುಟ್ಟುವುದಿಲ್ಲ.

ಕಳೆದ ಸಲ ಪ್ಯಾಕ್ ಮುಗಿದಾಗ ಭಾವ ರಿಚಾರ್ಜ್ ಅಂಗಡಿಯವನನ್ನು ಕೇಳಿದರಂತೆ, “ಏನಪಾ, ಸೋಮಾರ, ಗುರುವಾರ ಎರಡ ದಿನ ಜಾಸ್ತಿ ನೆಟ್ ಬರೂ ಹಂಗ ಯಾವ್ದರ ಪ್ಯಾಕ್ ಐತೇನು?”

“ಹಂಗೆಲ್ಲ ಬರಂಗಿಲ್ರೀ ಕಾಕಾ” ಅಂದ ಅವನು ನಕ್ಕು, ಮತ್ತೆ 299ನ್ನೇ ಹಾಕಿದ.